ಚೀಟಿ ಇಲ್ಲದ ನಮೂನಿ

ದಿನಾ ಎಂಬತ್ತು ಬಾಟ್ಲಿ ನನ್ನ ಕೈಯಾಗ ಹಾದು ಹೋಗತಾವು,
ಒಂದೊಂದಕ್ಕೂ ಚೀಟಿ: ಹೆಸರು, ವಯಸ್ಸು, ಹೊತ್ತು.
ಪಟ್ಟಿ ಅದ್ದಿ, ಬಣ್ಣ ನೋಡಿ ಬರೀತೀನಿ
ಸಕ್ಕರಿ ಐತೋ, ಸೋಂಕೈತೋ, ಏನೂ ಇಲ್ಲೋ.
ಹದಿನಾಲ್ಕು ವರ್ಷದಾಗ ಒಮ್ಮೆನೂ ಮೂಗು ಮುಚ್ಚಿಕೊಂಡಿಲ್ಲ.

ಮನಿಗೆ ಬಂದು ಚಪ್ಪಲ ಬಿಡೂದ್ರಾಗ
ಅಂಗಾಲಿಗೆ ತಣ್ಣಗ ಹತ್ತತೈತಿ.
ಚೀಟಿ ಇಲ್ಲ.

ಆರು ವರ್ಷದ ನಾಯಿ ಇದು, ಮರಿ ಅಲ್ಲ.
ಮರಿ ಮಾಡಿದ್ರ ನಗತಾರ, ಫೋಟೋ ಹೊಡೀತಾರ;
ಗಡ್ಡ ಬೆಳ್ಳಗಾಗಿದ್ದು ಮಾಡಿದ್ರ
ಮ್ಯಾಗಿನ ಮನಿ ಶಂಕ್ರವ್ವ ಸೆರಗು ಮೂಗಿಗೆ ಹಿಡದು
"ಇಷ್ಟ ವಯಸ್ಸಾದ ಮ್ಯಾಲೆ ಕಲಿಸಾಕ ಬರೂದಿಲ್ಲವಾ,
ಮನಷ್ಯಾಗ ಬರೂದಿಲ್ಲ, ಇನ್ನ ನಾಯಿಗೆ?" ಅಂತಾಳ.
ಒಳಗಿಂದ ಅಕಿ ಗಂಡ ಕೆಮ್ಮತಾನ.

ಬೆಂಗೇರಿ ಸಂತಿ ಹಾದ್ಯಾಗ ಖಾಜಾಸಾಬರ ಗುಜರಿ ಇತ್ತು.
ಅವರು ಜಾಗಾ ಬಿಟ್ಟ ದಿನ ಲಾರಿಗೆ ಎಲ್ಲಾ ಏರಿತು,
ಕುಕ್ಕರ್ ಮುಚ್ಚಳ, ಫ್ಯಾನಿನ ರೆಕ್ಕಿ, ಬಸ್ಸಿನ ಸೀಟು.
ಇದೊಂದು ಉಳೀತು, ತಕ್ಕಡ್ಯಾಗ ಹಾಕಾಕ ಬರೂದಲ್ಲ ನೋಡ್ರಿ.
ನಾನ ಕರಕೊಂಡು ಬಂದೆ. ಫಕ್ಕೀರೇಶಗ ಕೇಳಲಿಲ್ಲ.
ಹೆಸರು ಮೇಜರ್ ಅಂತ. ಕರದ್ರ ತಿರಗೂದಿಲ್ಲ.
ತಾಟಿನ ಸಪ್ಪಳಕ್ಕ ತಿರಗತೈತಿ.

ಮೊದಲನೇ ವಾರ ಕಪಾಟಿನ ಕಾಲು.
ಆಮ್ಯಾಲೆ ಗ್ಯಾಸ್ ಸಿಲಿಂಡರ, ಹೊಲಿಗಿ ಮಷಿನ್ನು,
ಅತ್ತಿ ತವರಿಂದ ತಂದ ಟ್ರಂಕು.
ಮುಂಜಾನಿ ಐದಕ್ಕ ಹೊರಗ ಒಯ್ದು ತಾಸುಗಟ್ಟಲೆ ನಿಂತ್ರೂ
ಗಿಡ ನೋಡತೈತಿ, ಸಿಮೆಂಟ್ ಕಂಬ ನೋಡತೈತಿ,
ನೀರಿನ ಟ್ಯಾಂಕರ್ ಹೋಗೂದು ನೋಡತೈತಿ, ನನ್ನ ಮಾರಿ ನೋಡತೈತಿ.
ಒಳಗ ಬಂದು, ಉಸಿರು ಬಿಟ್ಟು,
ಟ್ರಂಕಿಗೆ ಕಾಲೆತ್ತತೈತಿ,
ಭಾಳ ಹೊತ್ತು ತಡಕೊಂಡ ಮರ್ಯಾದಸ್ಥನಂಗ.

ಒಂದಿನ ಫಕ್ಕೀರೇಶ ಪೇಪರ್ ಸುರುಳಿ ಮಾಡಿ ಎತ್ತಿದ.
ಹೊಡೀಲಿಲ್ಲ. ಎತ್ತಿದ, ಅಷ್ಟ.
ನಾಯಿ ತೊಯ್ದ ಅರಿವಿ ಹಂಗ ನೆಲಕ್ಕ ಹತ್ತಿಬಿಟ್ಟಿತು,
ಅಲ್ಲೇ ಇನ್ನೊಮ್ಮೆ ಆತು, ಕಾಲು ಎತ್ತದ.
ಅವ ಪೇಪರ್ ಬಿಚ್ಚಿ ಓದೂವ್ರಂಗ ಕೂತ.
ಎಷ್ಟೋ ಹೊತ್ತು ಒಂದ ಪುಟ.

ಪಟ್ಟಿ ತಂದು ಅದ್ದಿ ನೋಡಿದೆ. ಚಾಳಿ, ಏನ್ ಮಾಡಲಿ.
ಸಕ್ಕರಿ ಇಲ್ಲ. ರಕ್ತ ಇಲ್ಲ. ಸೋಂಕಿಲ್ಲ.
ಅಂಜಿಕಿಗೆ ಬಣ್ಣ ತಿರಗೂ ಚೌಕ
ಆ ಪಟ್ಟಿ ಮ್ಯಾಗ ಇನ್ನ ಯಾರೂ ಅಂಟಿಸಿಲ್ಲ.

ಒರಸಾಕ ಬಗ್ಗಿದಾಗ ಒಮ್ಮೆ ತಿಳೀತು:
ಎಲ್ಲಾ ಕಬ್ಬಿಣ.
ಕಟ್ಟಿಗಿ ಬಾಗಲಕ್ಕ ಇಲ್ಲ, ಗ್ವಾಡಿಗೆ ಇಲ್ಲ, ಗಾದಿಗೆ ಇಲ್ಲ,
ತುಕ್ಕು ವಾಸನಿ ಬಂದಲ್ಲೇ.
ಆರು ವರ್ಷ ಅದರ ಸೀಮಿ ಅದ ಇತ್ತು.
ಬಯಲಾಗ ಗುಡ್ಡಿ ಬಿದ್ದ ಕಬ್ಬಿಣ, ಮ್ಯಾಲೆ ಬರೇ ಆಕಾಶ;
ಒಳಗು ಅನ್ನೂದೊಂದು ಐತಿ ಅಂತ ಯಾರು ಹೇಳಿದ್ರು ಅದಕ್ಕ?
ನಾವು ಹೊಸ್ತಿಲ ತೋರಸತೀವಿ, ಅದು ದಾಟತೈತಿ,
ನಡಕ ಬಿದ್ದ ಪೈಪ್ ದಾಟಿದಂಗ.

ಸೈಕಲ್ ಅಂಗಡಿಯಿಂದ ಮುರದ ರಿಂಗೊಂದು ತಂದೆ, ಇಪ್ಪತ್ತು ರೂಪಾಯಿ.
ಹಿತ್ತಲದಾಗ ನುಗ್ಗಿ ಗಿಡಕ್ಕ ಆನಿಸಿಟ್ಟೆ.
ಮೇಜರ್ ಮೂಸಿತು. ಸುತ್ತ ಹಾಕಿತು. ಮತ್ತ ಮೂಸಿತು.
ಎಂಟು ದಿನಕ್ಕ ನಳ ಬಂದಿತ್ತು, ಶಂಕ್ರವ್ವ ಕೊಡ ಹಿಡದು ನಿಂತಿದ್ಲು.
ಕಾಲೆತ್ತಿತು!
ಕೊಡ ತುಂಬಿ ಹರದದ್ದೂ ಅಕಿ ನೋಡಲಿಲ್ಲ,
"ಆತಲ್ಲವಾ!" ಅಂದ್ಲು, ಪಾಸಾದ ಹುಡುಗನ ಅವ್ವನಂಗ.

ಮರುದಿನ ಮತ್ತ ಟ್ರಂಕು.
ಅದರ ಮರುದಿನ ರಿಂಗು. ಇನ್ನೆರಡು ದಿನ ರಿಂಗು.
ರವಿವಾರ ಸಿಲಿಂಡರ. ತಪ್ಪು ನಂದ,
ಹೊಸಾದು ಬಂದಿತ್ತು, ಪರಿಚಯ ಮಾಡಿಸಿರಲಿಲ್ಲ.

ನಿನ್ನೆ ರಾತ್ರಿ ಎರಡಕ್ಕ ಎಚ್ಚರಾತು.
ಹಿತ್ತಲ ಬಾಗಲದ ಮುಂದ ನಿಂತೈತಿ, ಸಪ್ಪಳಿಲ್ಲ,
ಚಿಲಕದ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡತೈತಿ.
ತಗದೆ.
ಮುಂದಿನ ಕಾಲು ಹೊರಗಿಟ್ಟು, ಹಿಂದಿನ ಕಾಲು ಒಳಗ ಉಳಿಸಿ
ಹೊಸ್ತಿಲ ಮ್ಯಾಲೆ ನಿಂತಬಿಟ್ಟಿತು.
ಅವಸರ ಮಾಡಲಿಲ್ಲ ನಾನು.
ನನ್ನ ಒಂದು ಕೈಯಾಗ ಬಾಗಲ ಇತ್ತು,
ಇನ್ನೊಂದರಾಗ ಒರಸೂ ಅರಿವಿ.